ಗಡಿ ದಾಟಿ ಬಾತು ಬೇಟೆ

‘ಬಾತು ಹಲಾಲ್ ತಾನೇ ಉಸ್ತಾದ್? ಭಾರತದಲ್ಲಿ ಕಾಡುಬಾತು ಹೊಡೆಯಲು ಕಾನೂನು ಬಿಡುವುದಿಲ್ಲ. ಬಿಡುವ ದೇಶಕ್ಕೆ ಹೋಗಿ ಹೊಡೆದರೆ ತಪ್ಪೇನು?’ ಬೇಟೆ ಪ್ರವಾಸದ ವೀಡಿಯೊ ನೋಡಿದ ಕೆಲವು ಯುವಕರು ಹೀಗೆ ಕೇಳುತ್ತಾರೆ. ಆಹಾರಕ್ಕಾಗಿ ಬೇಟೆಯಾಡಲು ನಮ್ಮ ದೀನ್‌ನಲ್ಲಿ ಅನುಮತಿಯಿದೆ, ಅದರಲ್ಲಿ ಸಂಶಯವಿಲ್ಲ. ಆದರೆ ‘ಬಿಡುವ ದೇಶ’ ಎಂಬ ಮಾತನ್ನು ಸ್ವಲ್ಪ ತೂಗಿ ನೋಡಬೇಕು.

ಅಲ್ಬೇನಿಯಾವನ್ನೇ ತೆಗೆದುಕೊಳ್ಳಿ. ಯುರೋಪಿನಲ್ಲಿ ಮುಸ್ಲಿಮರು ಹೆಚ್ಚಾಗಿರುವ ಪುಟ್ಟ ದೇಶ. ಇಟಲಿಯ ಬಾರಿ ಬಂದರಿನಲ್ಲಿ ರಾತ್ರಿ ಹಡಗು ಹತ್ತಿದರೆ ಬೆಳಗಾಗುವಾಗ ಅಲ್ಬೇನಿಯಾದ ದುರ್ರೆಸ್ ಸಿಗುತ್ತದೆ. ಆ ಕರಾವಳಿಯಲ್ಲಿ ಕರವಸ್ತಾದಂಥ ದೊಡ್ಡ ಹಿನ್ನೀರುಗಳಿವೆ. ಆಫ್ರಿಕಾದಲ್ಲಿ ಚಳಿಗಾಲ ಕಳೆದ ಬಾತುಗಳು, ಗೊರವಗಳು ಸಮುದ್ರ ದಾಟಿ ಉತ್ತರಕ್ಕೆ ಹೋಗುವಾಗ ದಣಿದು ಇಲ್ಲಿ ಇಳಿಯುತ್ತವೆ. ಕಮ್ಯುನಿಸ್ಟ್ ಆಡಳಿತವಿದ್ದಷ್ಟು ಕಾಲ ಹೊರಗಿನವರಿಗೆ ಈ ದೇಶ ಬಹುತೇಕ ಮುಚ್ಚಿತ್ತು. ಆಮೇಲೆ ಬಾಗಿಲು ತೆರೆಯಿತು, ಇಟಲಿಯ ಬೇಟೆಗಾರರು ಬಂದರು.

ಅವರ ಊರಲ್ಲಿ ಹಕ್ಕಿಗಳಿರಲಿಲ್ಲವೇ? ಇದ್ದವು. ಆದರೆ ಯುರೋಪಿನ 1979ರ ಪಕ್ಷಿ ಕಾನೂನಿನ ಪ್ರಕಾರ ವಸಂತದಲ್ಲಿ ಮರಿ ಮಾಡಲು ಮರಳುವ ಹಕ್ಕಿಯನ್ನು ಹೊಡೆಯುವಂತಿಲ್ಲ, ಟೇಪಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯುವಂತೆಯೂ ಇಲ್ಲ. ಇದಕ್ಕೆ ಕಾರಣವಿದೆ. ಮಳೆಗಾಲ ಕಳೆದ ಮೇಲೆ ಹಾರುವ ಹಿಂಡಿನಲ್ಲಿ ಆ ವರ್ಷದ ಮರಿಗಳೇ ಹೆಚ್ಚು. ಅವುಗಳಲ್ಲಿ ಅನೇಕವು ಚಳಿಗಾಲ ದಾಟುವುದೇ ಇಲ್ಲ. ವಸಂತದಲ್ಲಿ ಮರಳುವುದು ಬದುಕುಳಿದ ತಾಯಿತಂದೆ. ಅದನ್ನು ಹೊಡೆದರೆ ಮುಂದಿನ ಮರಿಗಳೂ ಇಲ್ಲ. ಅಲ್ಬೇನಿಯಾದಲ್ಲಿ ಇದನ್ನೆಲ್ಲ ಹೇಳುವವರು ಕೇಳುವವರು ಇರಲಿಲ್ಲ. ತಮ್ಮ ಮನೆಯಲ್ಲಿ ಮಾಡಲಾಗದ್ದನ್ನು ಬಡ ನೆರೆಮನೆಯಲ್ಲಿ ಮಾಡಿದಂತಾಯಿತು.

ಅಮೆರಿಕದ ಲೇಖಕ ಜೊನಾಥನ್ ಫ್ರಾನ್ಜೆನ್ 2013ರಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆಯಲ್ಲಿ ಈ ಬಗ್ಗೆ ಬರೆದರು. 2014ರಲ್ಲಿ ಅಲ್ಬೇನಿಯಾ ಎರಡು ವರ್ಷ ಬೇಟೆಯನ್ನೇ ನಿಲ್ಲಿಸಿತು. 2016ರಲ್ಲಿ ನಿಷೇಧವನ್ನು ಇನ್ನೂ ಐದು ವರ್ಷ ಮುಂದುವರಿಸಿತು. ಕದ್ದು ಹೊಡೆಯುವವರು ಅಲ್ಲಿ ಮುಗಿದರು ಎಂದಲ್ಲ.

ಎಲ್ಲ ದೇಶಗಳೂ ಹೀಗಿಲ್ಲ ಎಂಬುದನ್ನೂ ಹೇಳಬೇಕು. ಅಮೆರಿಕದಲ್ಲಿ ಋತು ನಿಗದಿಯಾಗಿದೆ, ದಿನಕ್ಕೆ ಎಷ್ಟು ಹಕ್ಕಿ ಎಂಬ ಲೆಕ್ಕವಿದೆ. ವಯಸ್ಕ ಬೇಟೆಗಾರ 1934ರಿಂದ ಸರ್ಕಾರದ ‘ಡಕ್ ಸ್ಟಾಂಪ್’ ಕೊಳ್ಳಲೇಬೇಕು. ಆ ಹಣದಲ್ಲಿ ಜೌಗು ಪ್ರದೇಶಗಳನ್ನು ಖರೀದಿಸಿ ಕಾಪಾಡುತ್ತಾರೆ. ಹೊರಗಿನಿಂದ ಹೋದವನಿಗೂ ಇದೇ ನಿಯಮ.

ಹಕ್ಕಿ ಒಂದೇ ದೇಶದ ಸೊತ್ತಲ್ಲ. ಚಳಿಗಾಲದಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತು ಮೊಟ್ಟೆ ಇಡುವುದು ಟಿಬೆಟ್, ಮಂಗೋಲಿಯಾ ಕಡೆ. ಅಲ್ಲಿ ಹೊಡೆದರೆ ಇಲ್ಲಿಗೆ ಬರುವುದು ಯಾವುದು?

ಇನ್ನು ಹಲಾಲ್ ವಿಷಯ. ಮೋಜಿಗಾಗಿ ಕೊಂದು ಎಸೆಯಲು ನಮಗೆ ಅನುಮತಿಯಿಲ್ಲ. ತಿನ್ನಲೆಂದೇ ಹೊಡೆದರೂ ನೀರುಹಕ್ಕಿಯ ವಿಷಯದಲ್ಲಿ ಒಂದು ಸೂಕ್ಷ್ಮವಿದೆ, ಇದನ್ನು ಕೇಳುವವರು ಕಡಿಮೆ. ಬೇಟೆಯ ಪ್ರಾಣಿ ನೀರಿಗೆ ಬಿದ್ದು ಸತ್ತು ಸಿಕ್ಕರೆ ತಿನ್ನಬೇಡಿ ಎಂದು ಪ್ರವಾದಿಯವರು (ಸ) ಅದೀ ಬಿನ್ ಹಾತಿಮ್‌ರಿಗೆ (ರ) ತಿಳಿಸಿದ್ದಾರೆ. ಕೊಂದದ್ದು ಬಾಣವೋ ನೀರೋ ಗೊತ್ತಾಗದು. ಕೋವಿಯ ಗುಂಡಿಗೇ ಸತ್ತದ್ದರ ಬಗ್ಗೆ ಉಲಮಾಗಳಲ್ಲಿ ಭಿನ್ನಾಭಿಪ್ರಾಯವೂ ಇದೆ. ಹಾಗಾಗಿ ಬಿಸ್ಮಿಲ್ಲಾ ಹೇಳಿ ಹೊಡೆದವನು ಬಾತನ್ನು ಕೂಡಲೇ ಎತ್ತಿ, ಜೀವವಿರುವಾಗಲೇ ಝಬಹ್ ಮಾಡಬೇಕು.