ಪಣಜಿ ಒಳಗೆ, ಅಫಜಲಪುರ ಹೊರಗೆ!

ಅಕ್ಕಲಕೋಟ: ಗಡಿ ಭಾಗದ ಮಂದಿಗೆ ರೋಮಿಂಗ್ ಅಂದರೆ ಏನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಸ್ವಲ್ಪ ವರ್ಷಗಳ ಹಿಂದಿನವರೆಗೂ ಇಂಡಿ, ಅಫಜಲಪುರದ ಬೀಗರ ಮನೆಗೆ ಹೋದವರು ಫೋನ್ ಬಂದರೆ ‘ರೋಮಿಂಗ್‌ನ್ಯಾಗ ಅದೀನಿ, ಇಡ್ರಿ’ ಎಂದು ಕಟ್ ಮಾಡುತ್ತಿದ್ದರು. ಗಡಿಗೆ ಹತ್ತಿದ ಹಳ್ಳಿಗಳಲ್ಲಂತೂ ಹೋಗುವುದೂ ಬೇಕಿರಲಿಲ್ಲ. ಮನೆ ಕಟ್ಟೆ ಮೇಲೆ ಕೂತಾಗಲೇ ಮೊಬೈಲ್ ಕರ್ನಾಟಕದ ಟವರ್ ಹಿಡಿದು ಕರೆನ್ಸಿ ಖಾಲಿಯಾಗುತ್ತಿತ್ತು.

ಇದರ ಮೂಲ ಇರುವುದು ತರಂಗ ಹಂಚಿಕೆಯಲ್ಲಿ. ರೇಡಿಯೊ ತರಂಗಗಳು ಸಾರ್ವಜನಿಕ ಸ್ವತ್ತು ಎಂದು ಸುಪ್ರೀಂ ಕೋರ್ಟ್ 1995ರಲ್ಲಿ ಹೇಳಿತ್ತು. ಸೇನೆಗೆ ಯಾವುದು, ಆಕಾಶವಾಣಿಗೆ ಯಾವುದು, ವಿಮಾನಕ್ಕೆ ಯಾವುದು, ಮೊಬೈಲ್‌ಗೆ ಯಾವುದು ಎಂಬ ಯೋಜನೆಯನ್ನು ಮಾಡುವುದು ಕೇಂದ್ರ ಸರಕಾರ. ಮೊಬೈಲ್ ಪಾಲಿನ ತರಂಗಗಳನ್ನು ದೇಶಕ್ಕೆಲ್ಲ ಒಟ್ಟಾಗಿ ಕೊಡುವುದಿಲ್ಲ, 22 ಸರ್ಕಲ್ ಮಾಡಿ ಒಂದೊಂದಕ್ಕೂ ಬೇರೆ ಬೇರೆ ಹಂಚುತ್ತಾರೆ. ಕಂಪನಿಯ ಹಕ್ಕು ಸರ್ಕಲ್ ಗೆರೆಗೆ ಮುಗಿಯಿತು.

ತರಂಗಕ್ಕೆ ಗೆರೆ ಗೊತ್ತಿಲ್ಲವಲ್ಲ! ಅದು ಆಚೆ ಹರಿದು ಇನ್ನೊಬ್ಬರ ಮಾತಿಗೆ ಅಡ್ಡ ಬರಬಾರದೆಂದು ಅಂಚಿನ ಟವರ್‌ಗಳ ಆಂಟೆನಾ ಬಗ್ಗಿಸುತ್ತಾರೆ, ಶಕ್ತಿ ಇಳಿಸುತ್ತಾರೆ. ಗಡಿಯ ಹಳ್ಳಿಗಳಲ್ಲಿ ರೇಂಜ್ ಸಿಗದಿರಲು ಇದೂ ಒಂದು ಕಾರಣ.

ಗೆರೆ ಎಳೆದ ರೀತಿಯೂ ವಿಚಿತ್ರ. ಮುಂಬೈ ಪ್ರತ್ಯೇಕ ಸರ್ಕಲ್. ಗೋವಾ ಮಾತ್ರ ಮಹಾರಾಷ್ಟ್ರದ ಜತೆ. ಹೀಗಾಗಿ ಅಕ್ಕಲಕೋಟದ ಸಿಮ್‌ಗೆ ದೂರದ ಪಣಜಿ ತನ್ನೂರು, ಹೆಣ್ಣು ಕೊಟ್ಟು ತಂದ ಅಫಜಲಪುರ ಪರವೂರು. ಜತ್ತದವರಿಗೆ ವಿಜಯಪುರದ್ದೂ ಅದೇ ಕಥೆ.

ಲೆಕ್ಕ ನೋಡಿ. 2007ರಲ್ಲಿ ಟ್ರಾಯ್ ರೋಮಿಂಗ್ ದರ ಇಳಿಸಿದ ಮೇಲೂ ಒಳಬರುವ ಕರೆಗೆ ನಿಮಿಷಕ್ಕೆ 1.75 ರೂ.ವರೆಗೆ ಕೀಳಬಹುದಿತ್ತು. ದಿನಕ್ಕೆ ಹತ್ತು ನಿಮಿಷ ಕೇಳಿಸಿಕೊಂಡರೆ ತಿಂಗಳಿಗೆ 525 ರೂ. ಅದೂ ಬರೇ ಕೇಳಿದ್ದಕ್ಕೆ! ಈ ಮಿತಿ 2013ರಲ್ಲಿ 75 ಪೈಸೆಗೆ, 2015ರ ಮೇನಲ್ಲಿ 45 ಪೈಸೆಗೆ ಇಳಿಯಿತು. 2016ರ ನಂತರ ಕಂಪನಿಗಳ ಪೈಪೋಟಿಯಲ್ಲಿ ದೇಶದೊಳಗಿನ ರೋಮಿಂಗ್ ಹೊರೆಯೇ ಹೋಯಿತು.

ಹೆಣ್ಣುಮಕ್ಕಳಿಗೆ ಹೆಚ್ಚು ಅನುಕೂಲವಾದದ್ದು 2015ರ ಜುಲೈ 3ರ ಬದಲಾವಣೆ. ಕಂಪನಿ ಬದಲಿಸಿದರೂ ನಂಬರ್ ಉಳಿಸಿಕೊಳ್ಳುವ ಸೌಲಭ್ಯ 2011ರಲ್ಲೇ ಬಂದಿತ್ತು, ಆದರೆ ಸರ್ಕಲ್ ಒಳಗೆ ಮಾತ್ರ. ಗಡಿ ದಾಟಿ ಗಂಡನ ಮನೆಗೆ ಹೋದವಳು ಅಲ್ಲಿಯ ಸಿಮ್ ಕೊಂಡು ತವರಿಗೆಲ್ಲ ಹೊಸ ನಂಬರ್ ತಿಳಿಸಬೇಕಿತ್ತು. ಆ ತೊಂದರೆ ಅಂದಿಗೆ ತಪ್ಪಿತು.

ಹರಾಜು ಮಾತ್ರ ಸರ್ಕಲ್‌ವಾರು. ಸುಪ್ರೀಂ ಕೋರ್ಟ್ 2012ರಲ್ಲಿ 122 ಲೈಸೆನ್ಸ್ ರದ್ದು ಮಾಡಿದ ಮೇಲೆ ಅದೇ ನವೆಂಬರ್‌ನಲ್ಲಿ ನಡೆದ ಹರಾಜಿನಲ್ಲಿ ಮಹಾರಾಷ್ಟ್ರಕ್ಕೆ ಗಿರಾಕಿ ಬಂದರು, ಕರ್ನಾಟಕಕ್ಕೆ ಒಬ್ಬರೂ ಸವಾಲು ಕೂಗಲಿಲ್ಲ. ಸರಕಾರ ಇಟ್ಟ ಮೂಲಬೆಲೆ ದುಬಾರಿ ಎಂಬುದು ಕಂಪನಿಗಳ ತಕರಾರು. 2024ರ ಜೂನ್ ಹರಾಜಿನಲ್ಲೂ ಅಕ್ಕಲಕೋಟದ ತರಂಗ ಬೇರೆ, ಅಫಜಲಪುರದ್ದು ಬೇರೆಯಾಗಿಯೇ ಮಾರಾಟಕ್ಕಿತ್ತು.