ಜನಸಂದಣಿಯಲ್ಲಿ ಡೊರೊಥಿ

ನ್ಯೂಯಾರ್ಕಿನ ಫುಟ್‌ಪಾತು. ಜನ ಒತ್ತೊತ್ತಾಗಿ ಕ್ಯಾಮೆರಾದ ಕಡೆಗೇ ನಡೆದು ಬರುತ್ತಿದ್ದಾರೆ. ಎಲ್ಲರಿಗೂ ಅವಸರ, ಯಾರ ಮೇಲೂ ನಮ್ಮ ಕಣ್ಣು ನಿಲ್ಲುವುದಿಲ್ಲ. ಆ ತಲೆಗಳ ನಡುವೆ ಕೆಂಗೂದಲಿನ ತಲೆಯೊಂದು ಕಾಣಿಸಿ ಮರೆಯಾಗುತ್ತದೆ, ಮತ್ತೆ ಕಾಣಿಸುತ್ತದೆ. ದೊಡ್ಡ ಕನ್ನಡಕ, ಕುತ್ತಿಗೆ ಮುಚ್ಚುವ ಬ್ಲೌಸು, ಹೈಹೀಲ್ಡ್ ಚಪ್ಪಲಿಗೆ ಇನ್ನೂ ಪಳಗದ ನಡಿಗೆ. ರೂಪಸಿಯಲ್ಲ, ಆದರೆ ಯಾರಿಗೂ ಜಗ್ಗುವವಳಲ್ಲ ಎಂದು ನೋಡಿದ ಕೂಡಲೇ ಅನ್ನಿಸುವ ನಡುವಯಸ್ಸಿನ ಹೆಂಗಸು. ಅರೆಗಳಿಗೆ ಬೇಕು, ಇದು ಅವನೇ ಎಂದು ಹೊಳೆಯಲು. ಈಗಷ್ಟೇ ಏಜೆಂಟನ ಕಚೇರಿಯಲ್ಲಿ ಕೂಗಾಡುತ್ತಿದ್ದ ನಟ, ಮೈಕೆಲ್ ಡಾರ್ಸಿ.

1982ರ ‘ಟೂಟ್ಸಿ’ ಚಿತ್ರದ ಈ ಒಂದು ಜಿಗಿತ ನನಗೆ ಬಹಳ ಇಷ್ಟ. ಕಾಲಿನ ಕೂದಲು ಬೋಳಿಸುವುದು, ವಿಗ್ಗು, ಬಣ್ಣ ಎಲ್ಲವನ್ನೂ ನಿರ್ದೇಶಕ ಸಿಡ್ನಿ ಪೊಲಾಕ್ ಆಮೇಲಕ್ಕೆ ಇಟ್ಟುಕೊಂಡಿದ್ದಾರೆ. ಮೊದಲು ವೇಷವನ್ನೇ ಬೀದಿಗೆ ಬಿಟ್ಟು, ನಂಬುತ್ತೀರೋ ಇಲ್ಲವೋ ನೋಡಿಬಿಡಿ ಅನ್ನುತ್ತಾರೆ.

ಮೈಕೆಲ್‌ಗೆ ಪ್ರತಿಭೆಯ ಕೊರತೆಯಿಲ್ಲ, ಹೊಂದಿಕೊಳ್ಳುವ ಗುಣ ಇಲ್ಲ. ಜಾಹೀರಾತೊಂದರಲ್ಲಿ ಟೊಮ್ಯಾಟೊ ಪಾತ್ರ ಸಿಕ್ಕಾಗ, ಟೊಮ್ಯಾಟೊ ಹೇಗೆ ಕೂರುತ್ತದೆ ಎಂದು ಹಟ ಹಿಡಿದು ಚಿತ್ರೀಕರಣವನ್ನೇ ಕೆಡಿಸಿದವನು. ನ್ಯೂಯಾರ್ಕಿನಲ್ಲೂ ಹಾಲಿವುಡ್‌ನಲ್ಲೂ ನಿನ್ನನ್ನು ಯಾರೂ ಕರೆಯುವುದಿಲ್ಲ ಎಂದು ಏಜೆಂಟ್ ಮುಖಕ್ಕೇ ಹೇಳುತ್ತಾನೆ. ಜೊತೆಗೆ ವಾಸವಿರುವ ಗೆಳೆಯನ ನಾಟಕವನ್ನು ರಂಗಕ್ಕೆ ತರಲು ಎಂಟು ಸಾವಿರ ಡಾಲರ್ ಬೇಕು. ಗೆಳತಿ ಸ್ಯಾಂಡಿ ಹಗಲು ಧಾರಾವಾಹಿಯ ಪಾತ್ರವೊಂದಕ್ಕೆ ಹೋಗಿ ವಾಪಸ್ ಬಂದಿದ್ದಾಳೆ. ಅದೇ ಪಾತ್ರವನ್ನು ಮೈಕೆಲ್ ಡೊರೊಥಿ ಮೈಕೆಲ್ಸ್ ಆಗಿ ಹೋಗಿ ಗಿಟ್ಟಿಸುತ್ತಾನೆ. ಆ ಏಜೆಂಟನ ಪಾತ್ರದಲ್ಲಿರುವುದು ಪೊಲಾಕ್ ಅವರೇ. ಅವರಿಗೆ ಮನಸ್ಸಿರಲಿಲ್ಲವಂತೆ. ಮೈಕೆಲ್ ಪಾತ್ರಧಾರಿ ಡಸ್ಟಿನ್ ಹಾಫ್‌ಮನ್ ಗುಲಾಬಿ ಹೂಗಳ ಜೊತೆ ಡೊರೊಥಿಯ ಹೆಸರಿನಲ್ಲೇ ಚೀಟಿ ಕಳಿಸಿ ಒಪ್ಪಿಸಿದರು.

ಹಾಫ್‌ಮನ್ ಎಷ್ಟೋ ವರ್ಷಗಳ ಮೇಲೆ ಸಂದರ್ಶನವೊಂದರಲ್ಲಿ ಹೇಳಿಕೊಂಡ ಸಂಗತಿ ಈ ಚಿತ್ರದ ಒಳಗನ್ನೇ ತೆರೆದಿಡುತ್ತದೆ. ಮೇಕಪ್ ಪರೀಕ್ಷೆಯಲ್ಲಿ ಹೆಂಗಸಾಗಿ ತನ್ನನ್ನು ತೆರೆಯ ಮೇಲೆ ನೋಡಿಕೊಂಡರು. ಸರಿ, ಇನ್ನು ಚೆಲುವೆಯನ್ನಾಗಿ ಮಾಡಿ ಎಂದರು. ಇದಕ್ಕಿಂತ ಹೆಚ್ಚು ಸಾಧ್ಯವಿಲ್ಲ ಎಂಬ ಉತ್ತರ ಬಂತು. ಮನೆಗೆ ಹೋಗಿ ಹೆಂಡತಿಯ ಮುಂದೆ ಅತ್ತರು. ಆ ಹೆಂಗಸು ಆಸಕ್ತಿ ಹುಟ್ಟಿಸುವವಳು ಎಂದು ಅವರಿಗೆ ಗೊತ್ತು, ಆದರೆ ಪಾರ್ಟಿಯಲ್ಲಿ ಎದುರಾಗಿದ್ದರೆ ತಾನೇ ಅವಳನ್ನು ಮಾತಾಡಿಸುತ್ತಿರಲಿಲ್ಲ. ಹೀಗೆ ಎಷ್ಟು ಹೆಂಗಸರನ್ನು ಅರಿಯದೇ ಹೋದೆನೋ ಎಂಬ ಸಂಕಟ ಅದು. ನಗಿಸುವ ಚಿತ್ರವಾದರೂ ಡೊರೊಥಿಯನ್ನು ಎಲ್ಲಿಯೂ ಗೇಲಿಗೆ ಬಿಟ್ಟುಕೊಡದಿರುವುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ.

ಧಾರಾವಾಹಿಯ ಸೆಟ್ಟಿನಲ್ಲಿ ಡೊರೊಥಿ ಆಸ್ಪತ್ರೆಯ ಆಡಳಿತಗಾರ್ತಿ. ನಿರ್ದೇಶಕ ರಾನ್‌ಗೆ ಹೆಂಗಸರನ್ನು ಹೆಸರು ಹಿಡಿದು ಕರೆಯುವ ಅಭ್ಯಾಸವಿಲ್ಲ. ಹಿರಿಯ ನಟನೊಬ್ಬನಿಗೆ ಪ್ರತಿ ನಟಿಯನ್ನೂ ಚುಂಬಿಸದೆ ದೃಶ್ಯ ಮುಗಿಯುವುದಿಲ್ಲ. ಕ್ಯಾಮೆರಾ ಓಡುತ್ತಿರುವಾಗಲೇ ಡೊರೊಥಿ ಬರೆದುಕೊಟ್ಟ ಮಾತು ಬಿಟ್ಟು ತನಗೆ ಸರಿಕಂಡದ್ದನ್ನು ಹೇಳತೊಡಗುತ್ತಾಳೆ. ಗಂಡಸಾಗಿ ಇದೇ ಹಟಕ್ಕೆ ಕೆಲಸ ಕಳೆದುಕೊಂಡವನು ಹೆಂಗಸಾಗಿ ಅದರಿಂದಲೇ ದೇಶದ ಕಣ್ಮಣಿಯಾಗುತ್ತಾನೆ.

ಯಕ್ಷಗಾನದ ಸ್ತ್ರೀವೇಷಧಾರಿಗೆ ಬೆಳಗಾದ ಮೇಲೆ ಚೌಕಿಯುಂಟು. ಬಣ್ಣ ಒರೆಸಿ, ಆಭರಣ ಬಿಚ್ಚಿ, ತಾನು ತಾನಾಗಬಹುದು. ಡೊರೊಥಿಗೆ ಆ ಚೌಕಿ ಇಲ್ಲ, ಯಾಕೆಂದರೆ ಆಟ ಮನೆಯೊಳಕ್ಕೂ ಬಂದಿದೆ. ಸಹನಟಿ ಜೂಲಿಗೆ ಅವಳು ಆಪ್ತ ಸಖಿ. ಜೂಲಿಯ ತಂದೆ, ಹೊಲಮನೆಯ ವಿಧುರ ಲೆಸ್, ಅವಳಲ್ಲಿ ಮನಸ್ಸಿಟ್ಟು ಉಂಗುರವನ್ನೇ ತಂದುಕೊಡುತ್ತಾನೆ. ಇತ್ತ ಮೈಕೆಲ್‌ಗೆ ಜೂಲಿಯ ಮೇಲೆ ಪ್ರೀತಿ.

ಒಂದು ರಾತ್ರಿ ಜೂಲಿ ಗೆಳತಿಯೆದುರು ಮನಸ್ಸು ಬಿಚ್ಚುತ್ತಾಳೆ. ಗಂಡಸರು ಬಣ್ಣದ ಮಾತು ಬಿಟ್ಟು, ನೀನು ಹಿಡಿಸಿದ್ದೀಯ, ನನಗೆ ನೀನು ಬೇಕು ಎಂದು ನೇರವಾಗಿ ಹೇಳಬಾರದೇ ಅನ್ನುತ್ತಾಳೆ. ಮೈಕೆಲ್ ಅದನ್ನು ಮನಸ್ಸಿನಲ್ಲಿ ಬರೆದಿಟ್ಟುಕೊಳ್ಳುತ್ತಾನೆ. ಮುಂದೊಂದು ಪಾರ್ಟಿಯಲ್ಲಿ, ವಿಗ್ಗಿಲ್ಲದೆ, ಸೂಟು ಹಾಕಿಕೊಂಡು ಅವಳ ಬಳಿ ಹೋಗಿ ಆ ಮಾತನ್ನು ಹಾಗೆಯೇ ಒಪ್ಪಿಸುತ್ತಾನೆ. ಜೂಲಿ ಕೈಯಲ್ಲಿದ್ದ ಪಾನೀಯವನ್ನು ಅವನ ಮುಖಕ್ಕೆ ಎರಚುತ್ತಾಳೆ.

ಇಡೀ ಚಿತ್ರ ನಿಂತಿರುವುದು ಈ ದೃಶ್ಯದ ಮೇಲೆ ಎಂದೇ ನಾನು ನಂಬಿದ್ದೇನೆ. ಹೆಂಗಸರ ಹೇಳಿಕೆಯೊಂದು ಕ್ರಿಯೆ ಒಂದು ಎಂದು ಇದನ್ನು ನೋಡಿ ನಕ್ಕವರಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ಜೂಲಿ ಬಯಸಿದ್ದು ಪ್ರಾಮಾಣಿಕತೆಯನ್ನು. ಮೈಕೆಲ್ ತಂದದ್ದು ಅವಳ ಗುಟ್ಟಿನಿಂದ ಕದ್ದ ವಾಕ್ಯವನ್ನು. ವೇಷದೊಳಗೆ ಕೂತು ಅವಳ ಕಷ್ಟವನ್ನು ಮನಸ್ಸಿಟ್ಟು ಕೇಳಿದವನು, ವೇಷವಿಲ್ಲದ ಹೊತ್ತಿನಲ್ಲಿ ಆ ಕೇಳಿದ್ದನ್ನೇ ಉಪಾಯ ಮಾಡಿಕೊಂಡ.

ಧಾರಾವಾಹಿ ನೇರ ಪ್ರಸಾರವಾಗಬೇಕಾಗಿ ಬಂದ ದಿನ ಡೊರೊಥಿ ಮೆಟ್ಟಿಲ ಮೇಲೆ ನಿಂತು, ಬಾಯಿಗೆ ಬಂದ ಕಥೆ ಕಟ್ಟುತ್ತ ಕಟ್ಟುತ್ತ ವಿಗ್ಗು ತೆಗೆದುಬಿಡುತ್ತಾಳೆ. ಸೆಟ್ಟಿನಲ್ಲಿ ಎಲ್ಲರೂ ಸ್ತಂಭಿತರು. ಜೂಲಿ ಹತ್ತಿರ ಬಂದು ಹೊಟ್ಟೆಗೊಂದು ಗುದ್ದು ಕೊಡುತ್ತಾಳೆ. ಕೊನೆಗೆ ಬೀದಿಯಲ್ಲಿ ಅವಳನ್ನು ಕಾದು ನಿಂತ ಮೈಕೆಲ್, ಹೆಂಗಸಾಗಿ ನಿನ್ನ ಜೊತೆ ಇದ್ದಾಗ ನಾನು ಹೆಚ್ಚು ಒಳ್ಳೆಯ ಗಂಡಸಾಗಿದ್ದೆ ಎಂಬರ್ಥದ ಮಾತು ಹೇಳುತ್ತಾನೆ. ಜೂಲಿ ಕ್ಷಮಿಸಿದೆ ಅನ್ನುವುದಿಲ್ಲ. ಡೊರೊಥಿ ಇಲ್ಲದ್ದು ಬೇಸರ ಅನ್ನುತ್ತಾಳೆ, ಆಮೇಲೆ ಅವಳ ಹಳದಿ ಉಡುಪನ್ನು ಎರವಲು ಕೇಳುತ್ತಾಳೆ. ನೀನು ಹಾಳು ಮಾಡುತ್ತೀಯ ಎಂದು ಅವನು. ಮಾತಾಡುತ್ತ ಇಬ್ಬರೂ ಜನರ ನಡುವೆ ಸೇರಿಹೋಗುತ್ತಾರೆ.

ಈ ಚಿತ್ರಕ್ಕೆ ಹತ್ತು ಆಸ್ಕರ್ ನಾಮನಿರ್ದೇಶನಗಳು ಬಂದವು, ದಕ್ಕಿದ್ದು ಒಂದೇ, ಜೂಲಿಯಾದ ಜೆಸಿಕಾ ಲ್ಯಾಂಗ್‌ಗೆ. ಅತ್ಯುತ್ತಮ ಚಿತ್ರ, ಅತ್ಯುತ್ತಮ ನಟ ಎರಡೂ ಪ್ರಶಸ್ತಿಗಳು ಆ ಸಲ ‘ಗಾಂಧಿ’ಯ ಪಾಲಾದವು. ಲ್ಯಾಂಗ್ ಗೆದ್ದ ವಿಭಾಗದಲ್ಲೇ ಟೆರಿ ಗಾರ್ ಹೆಸರೂ ಇತ್ತು. ಅವರು ಆಡಿದ್ದು ಸ್ಯಾಂಡಿಯ ಪಾತ್ರ.

ಸ್ಯಾಂಡಿಯ ವಿಷಯದಲ್ಲಿ ಮಾತ್ರ ಚಿತ್ರದ ಮೇಲೆ ನನ್ನ ದೂರು ಇದೆ. ಅವಳ ಉಡುಪನ್ನು ತೊಟ್ಟು ನೋಡಲು ಹೋಗಿ ಸಿಕ್ಕಿಬಿದ್ದ ಮೈಕೆಲ್, ಗುಟ್ಟು ಉಳಿಸಿಕೊಳ್ಳಲು ಅವಳನ್ನೇ ಬಯಸಿದೆನೆಂದು ನಟಿಸುತ್ತಾನೆ. ಆಮೇಲೆ ಊಟಕ್ಕೆ ಕರೆದು ಮರೆಯುತ್ತಾನೆ, ಸುಳ್ಳಿನ ಮೇಲೆ ಸುಳ್ಳು ಪೋಣಿಸುತ್ತಾನೆ. ಕೊನೆಗೆ ಅವನ ಮನಸ್ಸು ಬೇರೊಬ್ಬಳ ಮೇಲಿದೆ ಎಂದು ತಿಳಿದಾಗ ಅವಳು ರೇಗಿ, ಅತ್ತು, ಚಾಕೊಲೇಟ್ ಡಬ್ಬಿಯನ್ನು ಮಾತ್ರ ಬಿಡದೆ ಎತ್ತಿಕೊಂಡು ಹೊರಡುತ್ತಾಳೆ. ಚಿತ್ರಮಂದಿರ ನಗುತ್ತದೆ. ಜೂಲಿಗೆ, ಲೆಸ್‌ಗೆ ಮೈಕೆಲ್ ಎದುರು ನಿಂತು ತಪ್ಪೊಪ್ಪಿಕೊಳ್ಳುವ ಅವಕಾಶವನ್ನು ಕಥೆ ಕೊಟ್ಟಿದೆ. ಎಲ್ಲರಿಗಿಂತ ಮೊದಲು ಮೋಸಹೋದ ಸ್ಯಾಂಡಿಗೂ ಅಂಥದ್ದೊಂದು ದೃಶ್ಯ ಸಲ್ಲಬೇಕಿತ್ತು.