ನಿಮಗಿದು ಗೊತ್ತೆ? ಕೆಟ್ಟಿದ್ದು ಶ್ವಾಸಕೋಶ, ಕರಗಿದ್ದು ತೊಡೆ
ವರ್ಷಗಟ್ಟಲೆ ಬೀಡಿ, ಸಿಗರೇಟು ಸೇದಿ ಸಿಒಪಿಡಿ ಎಂಬ ಶ್ವಾಸಕೋಶದ ದೀರ್ಘಕಾಲದ ಕಾಯಿಲೆ ಅಂಟಿಸಿಕೊಂಡವರು ಬಚ್ಚಲಿಗೆ ಹೋಗಲು ಏಳುವಾಗ ಕುರ್ಚಿಯ ಕೈ ಹಿಡಿದು ತಡವರಿಸುವುದು ಬರೀ ಏದುಸಿರಿನಿಂದಲ್ಲ. ಅನೇಕರಲ್ಲಿ ತೊಡೆಯ ಮುಂಭಾಗದ ಸ್ನಾಯುವೇ ಕರಗಿರುತ್ತದೆ. ದಮ್ಮು ಕಟ್ಟುತ್ತದೆಂದು ಹೆದರಿ ನಡೆದಾಟ ಬಿಡುವುದು ಒಂದು ಮುಖ್ಯ ಕಾರಣ. ಮೈಯೊಳಗಿನ ಉರಿಯೂತ, ಪದೇ ಪದೇ ನುಂಗುವ ಸ್ಟೀರಾಯ್ಡ್ ಮಾತ್ರೆಗಳೂ ಕೈಜೋಡಿಸುತ್ತವೆ.

ವಿಚಿತ್ರ ನೋಡಿ: ದಣಿಯದೆ ದುಡಿಯುವ ನಿಧಾನಗತಿಯ ಸ್ನಾಯು ಎಳೆಗಳು ತೊಡೆಯಲ್ಲಿ ಕಡಿಮೆಯಾಗುತ್ತವೆ. ಆದರೆ ಹಗಲಿರುಳು ಉಸಿರೆಳೆದು ಹೆಣಗುವ ವಪೆಯಲ್ಲಿ (ಡಯಾಫ್ರಮ್) ಅದೇ ಎಳೆಗಳ ಪಾಲು ಹೆಚ್ಚುತ್ತದೆ!

ತೊಡೆ ಕರಗಿದ್ದು ತೂಕದ ಯಂತ್ರಕ್ಕೆ ತಿಳಿಯದೇ ಹೋಗಬಹುದು. ಸ್ನಾಯು ಕರಗಿದಷ್ಟು ಕೊಬ್ಬು ಹೆಚ್ಚಿದ್ದರೆ ಮುಳ್ಳು ಅಲ್ಲೇ ನಿಂತಿರುತ್ತದೆ. ಅದಕ್ಕೇ ಫಿಸಿಯೋಥೆರಪಿಯವರು ಕೈಯೂರದೆ 5 ಸಲ ಕುರ್ಚಿಯಿಂದ ಎದ್ದು ಕೂರಲು ಹೇಳಿ, ಎಷ್ಟು ಹೊತ್ತು ಹಿಡಿಯಿತೆಂದು ಗಡಿಯಾರ ನೋಡಿ ಕಾಲಿನ ಬಲ ಅಂದಾಜಿಸುತ್ತಾರೆ.